ಮಗಳಿಗೆ ಕೆಲಸ ಸಿಕ್ಕಿದರೆ ಬಿಪಿಎಲ್ ಕಾರ್ಡು ಹೋಗುತ್ತದೆಯೇ? ಮಲೆನಾಡಿನ ಬಡ ಕುಟುಂಬಗಳ ದುಡಿಮೆ ಮತ್ತು ಸವಲತ್ತಿನ ಬಗ್ಗೆ ಚರ್ಚೆ

ತೀರ್ಥಹಳ್ಳಿಯ ಮೇಷ್ಟ್ರು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದಿದ್ದರು. ಅವರಿಗೆ ಹಗಲು ತೋಟದ ಕೆಲಸ. ಸುಗ್ಗಿಯ ದಿನಗಳಲ್ಲಿ ರಾತ್ರಿ ಹತ್ತರ ತನಕ ಮೆಟ್ಟುಗತ್ತಿಯ ಮುಂದೆ ಕೂತು ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವ ಕೆಲಸ. ಎರಡೂ ಕೈಗಳ ಬೆರಳುಗಳು ಕರೆ ಹಿಡಿದು ಕಪ್ಪಾಗಿದ್ದವು. ಮಗಳಿಗೆ ಶಿವಮೊಗ್ಗದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿದೆ, ಕೈಗೆ ತಿಂಗಳಿಗೆ 11,500 ರೂಪಾಯಿ ಬರುತ್ತದೆ ಎಂದು ಕೇಳಿ ನನಗೆ ಸಂತೋಷವಾಯಿತು. ಆದರೆ ಅವರು ಬಂದದ್ದು ಸಿಹಿ ಸುದ್ದಿ ಹೇಳುವುದಕ್ಕಲ್ಲ. "ಮೇಷ್ಟ್ರೇ, ಪಿಎಫ್ ಹಿಡಿಯುವುದು ಬೇಡ, ಸಂಬಳ ಕೈಗೇ ಕೊಡಿ ಅಂತ ಒಂದು ಅರ್ಜಿ ಬರೆದುಕೊಡಿ. ಪಿಎಫ್ ಶುರುವಾದರೆ ಆಧಾರ್‌ನಲ್ಲಿ ಗೊತ್ತಾಗಿ ನಮ್ಮ ಕಾರ್ಡು ಹೋಗುತ್ತದಂತೆ" ಎಂದರು.

ಅವರ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಇಡೀ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿಯನ್ನು ಮೀರಬಾರದು, ಅಂದರೆ ತಿಂಗಳಿಗೆ 10,000. ಮಗಳ ಸಂಬಳವೊಂದೇ ವರ್ಷಕ್ಕೆ 1.38 ಲಕ್ಷವಾಗುತ್ತದೆ. 2024ರ ನವೆಂಬರಿನಲ್ಲಿ ಕಾರ್ಡುಗಳ ಪರಿಷ್ಕರಣೆ ನಡೆದು, ಊರೂರಲ್ಲಿ ಗಲಾಟೆಯಾಗಿ, ಕೊನೆಗೆ ತೆರಿಗೆ ಕಟ್ಟುವವರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರಿಗೆ ಕಾರ್ಡು ಮರಳಿಸಬೇಕೆಂದು ಸರ್ಕಾರವೇ ಹೇಳಬೇಕಾಯಿತು. ಆ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಒಂದು ಮನೆಯಲ್ಲಿ ಒಬ್ಬ ಹುಡುಗಿಗೆ ಮೊದಲ ಬಾರಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿದೆ. ಅದೇ ಹೊತ್ತಿಗೆ ಆ ಮನೆಯ ಕಾಲ ಕೆಳಗಿನ ಹಲಗೆಯನ್ನು ಎಳೆಯುವ ವ್ಯವಸ್ಥೆ ಇದ್ದರೆ, ಅದು ಬಡತನದಿಂದ ಏಳುವವರಿಗೆ ಕೈ ಕೊಟ್ಟಂತೆಯೋ, ಏಳಬೇಡಿ ಎಂದು ಹೇಳಿದಂತೆಯೋ? ಕೆಲಸವನ್ನೂ ಸವಲತ್ತನ್ನೂ ಹೇಗೆ ಜೋಡಿಸಿದರೆ ಇಂಥ ಮನೆಗಳು ನಿಜವಾಗಿ ಮೇಲೆ ಬರುತ್ತವೆ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಸಾಗರದ ತೋಟದವರು

ಮೇಷ್ಟ್ರೇ, ನಿಮ್ಮ ಕಾಳಜಿಯನ್ನು ಒಪ್ಪಿಕೊಂಡೇ ಒಂದು ಖಾರದ ಮಾತು ಹೇಳುತ್ತೇನೆ. ನನಗೆ ನಾಲ್ಕು ಎಕರೆ ಅಡಿಕೆ ಇದೆ. ಮಳೆಗಾಲಕ್ಕೆ ಮೊದಲು ಕೊಳೆರೋಗದ ಔಷಧಿ ಹೊಡೆಯಲು, ಆಮೇಲೆ ಅಡಿಕೆ ಗೊನೆ ಕೊಯ್ಯಲು ಜನ ಸಿಗುವುದಿಲ್ಲ. ಗಂಡಾಳಿಗೆ 600, ಹೆಣ್ಣಾಳಿಗೆ 400 ಕೊಟ್ಟು, ಮಧ್ಯಾಹ್ನದ ಊಟ ಹಾಕಿದರೂ ನಾಳೆ ಬರುತ್ತೇನೆಂದವರು ಬರುವುದಿಲ್ಲ. ಅಕ್ಕಿ ಬರುತ್ತದೆ, ತಿಂಗಳಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ, 200 ಯೂನಿಟ್ ತನಕ ಕರೆಂಟಿಗೆ ದುಡ್ಡಿಲ್ಲ, ಹೆಂಗಸರಿಗೆ ಬಸ್ಸಿಗೂ ದುಡ್ಡಿಲ್ಲ. ಇಷ್ಟೆಲ್ಲ ಇದ್ದ ಮೇಲೆ ಕೊಳೆ ಔಷಧಿಯ ಪಂಪು ಹೊರುವವರು ಯಾರು? ಸವಲತ್ತು ಕೊಡುವವರು ದುಡಿಮೆಯ ಷರತ್ತನ್ನೂ ಹಾಕಬೇಕಲ್ಲವೇ?

ಹೊಸನಗರದಿಂದ, ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು

ತೋಟದಣ್ಣನವರು ಬರೆದದ್ದಕ್ಕೆ ಉತ್ತರ ಅವರ ಸಾಲಿನಲ್ಲೇ ಇದೆ. ಒಂದೇ ತೋಟದಲ್ಲಿ, ಒಂದೇ ಹೊತ್ತು ದುಡಿದರೂ ಹೆಣ್ಣಿಗೆ 200 ರೂಪಾಯಿ ಕಡಿಮೆ. ಉದ್ಯೋಗ ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, 2025ರ ಏಪ್ರಿಲ್‌ನಿಂದ ದಿನಕ್ಕೆ 370. ಮೊದಲು ತೋಟಕ್ಕೆ ಬರುತ್ತಿದ್ದ ಹೆಂಗಸರು ಈಗ ಏಕೆ ಎರಡು ಸಲ ಯೋಚಿಸುತ್ತಾರೆ ಎಂಬುದಕ್ಕೆ ಸೋಮಾರಿತನಕ್ಕಿಂತ ಬೇರೆ ಕಾರಣಗಳಿವೆ.

ಆ 2,000 ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಸಂಘದ ಪುಸ್ತಕದಲ್ಲಿ ಪ್ರತಿ ವಾರ ನೋಡುತ್ತೇನೆ. ನಮ್ಮ ಸಂಘದ ಒಬ್ಬ ಸದಸ್ಯೆಯ ಲೆಕ್ಕ ಹೇಳುತ್ತೇನೆ. ಅವರ ಗಂಡ ಸೊಪ್ಪು ತರಲು ಕಾಡಿಗೆ ಹೋಗಿ ಮಂಗನ ಕಾಯಿಲೆ ಹಿಡಿದು ಎರಡು ತಿಂಗಳು ಏಳಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಬರುವುದೇ ಚಳಿಗಾಲದಿಂದ ಬೇಸಿಗೆಯ ತನಕ, ಅಂದರೆ ಕೂಲಿಯವರು ನಾಲ್ಕು ಕಾಸು ನೋಡುವ ತಿಂಗಳುಗಳಲ್ಲೇ. ಆಸ್ಪತ್ರೆಯಲ್ಲಿ ಬಿಲ್ಲು ಕಟ್ಟಬೇಕಾಗಿರಲಿಲ್ಲ, ನಿಜ. ಆದರೆ ಓಡಾಟ, ಹೊರಗಿನ ಊಟ, ಇಬ್ಬರದೂ ನಿಂತ ಕೂಲಿ, ಇದಕ್ಕೆಲ್ಲ ಮೈಕ್ರೋ ಫೈನಾನ್ಸ್‌ನವರ ಬಳಿ ಸಾಲ ಮಾಡಿದರು. ಗೃಹಲಕ್ಷ್ಮಿ ಹಣ ಒಂದು ವರ್ಷ ಪೂರ್ತಿ ಆ ವಾರದ ಕಂತಿಗೆ ಹೋಯಿತು. ಅದು ಇಲ್ಲದಿದ್ದರೆ ಕಂತಿನವರು ಮನೆಯಂಗಳದಲ್ಲಿ ಕೂರುತ್ತಿದ್ದರು. ಅಂಥ ಕಿರುಕುಳ ಮಿತಿಮೀರಿದ್ದಕ್ಕೇ ಅಲ್ಲವೇ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು?

ಸಾಲ ತೀರಿದ ಮೇಲೆ ಅದೇ ಸದಸ್ಯೆ ಸಂಘದಿಂದ ಸಾಲ ಪಡೆದು ಅಡಿಕೆ ಹಾಳೆಯ ತಟ್ಟೆ ಒತ್ತುವ ಯಂತ್ರ ತಂದರು. ತಿಂಗಳಿಗೆ ಇಷ್ಟು ಬಂದೇ ಬರುತ್ತದೆ ಎಂಬ ಧೈರ್ಯ ಇದ್ದದ್ದರಿಂದಲೇ ನಾವೂ ಕೊಟ್ಟೆವು, ಅವರೂ ಪಡೆದರು. ಒಂದೇ ಹಣ ಮೊದಲ ವರ್ಷ ಅವರನ್ನು ಮುಳುಗದಂತೆ ಹಿಡಿಯಿತು, ಎರಡನೆಯ ವರ್ಷ ಬಂಡವಾಳಕ್ಕೆ ಜಾಮೀನಾಯಿತು. ಷರತ್ತು ಹಾಕಿದ್ದರೆ ಮೊದಲ ವರ್ಷವೇ ಅವರು ಪಟ್ಟಿಯಿಂದ ಹೊರಗೆ, ಏಕೆಂದರೆ ಗಂಡನ ಮಂಚದ ಪಕ್ಕ ಕೂತವರು ದುಡಿಯಲು ಎಲ್ಲಿಗೆ ಹೋಗಬೇಕಿತ್ತು?

ನಿವೃತ್ತ ಪಿಡಿಒ

ಚರ್ಚೆ ಮುಂದೆ ಹೋಗುವ ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸುವುದು ಒಳ್ಳೆಯದು.

ಮೊದಲನೆಯದು, ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಹೋದರೆ ಗೃಹಲಕ್ಷ್ಮಿಯೂ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಎಪಿಎಲ್ ಕಾರ್ಡಿನ ಯಜಮಾನಿಗೂ ಅದು ಇದೆ. ಅವರು ಅಥವಾ ಅವರ ಪತಿ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವವರಾಗಿದ್ದರೆ ಮಾತ್ರ ಇಲ್ಲ. ಹೋಗುವುದು ಅಕ್ಕಿ ಮತ್ತು ಆಸ್ಪತ್ರೆಯ ಭದ್ರತೆ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ 5 ಕೆಜಿ, ಅದರ ಮೇಲೆ ರಾಜ್ಯದ ಪಾಲು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ. ಕೂಲಿಯ ಮನೆಯವರು ನಿಜವಾಗಿ ಹೆದರುವುದು ಈ ಎರಡನೆಯದಕ್ಕೆ. ಅಕ್ಕಿಯನ್ನು ಹೇಗೋ ಕೊಂಡುಕೊಳ್ಳಬಹುದು, ಒಂದು ಶಸ್ತ್ರಚಿಕಿತ್ಸೆಯನ್ನು ಕೊಂಡುಕೊಳ್ಳಲಾಗುವುದಿಲ್ಲ.

ಎರಡನೆಯದು, ಮೇಷ್ಟ್ರು ಹೇಳಿದ ತಾಯಿಗೆ ಯಾರೂ ಹೇಳದ ವಿಷಯ. ಮಗಳಿಗೆ ಪಿಎಫ್ ಹಿಡಿಯುವ ಕಾರ್ಖಾನೆಯಲ್ಲಿ, ಸಂಬಳ 21,000ದ ಒಳಗಿದ್ದರೆ, ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕೂಡ ಇರುತ್ತದೆ. ಅವಳ ಸಂಬಳದಿಂದ ಹೋಗುವುದು ಶೇಕಡಾ 0.75, ಮಾಲೀಕರು ಕಟ್ಟುವುದು ಶೇಕಡಾ 3.25. ಅದರಲ್ಲಿ ಅವಳನ್ನೇ ನಂಬಿರುವ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಪಿಎಫ್ ಬೇಡ ಎಂದು ಅರ್ಜಿ ಕೊಡುವುದೆಂದರೆ ಕೈಯಲ್ಲಿರುವ ಒಂದು ಭದ್ರತೆ ಹೋದೀತೆಂಬ ಹೆದರಿಕೆಯಲ್ಲಿ ಬಾಗಿಲಿಗೆ ಬಂದ ಇನ್ನೊಂದನ್ನು ತಾವೇ ಹಿಂದೆ ಕಳಿಸಿದಂತೆ. ಕಾನೂನು ಕೂಡ ಇಂಥ ಅರ್ಜಿಯನ್ನು ಒಪ್ಪುವುದಿಲ್ಲ.

ಉದ್ಯೋಗ ಖಾತ್ರಿಯ ಬಗ್ಗೆ ಬರೆಯುವುದು ಬಹಳವಿದೆ, ಏಕೆಂದರೆ ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆಯಿತು. 2005ರ ಕಾಯ್ದೆ ಹೇಳಿದ್ದು ಸರಳವಾಗಿತ್ತು: ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ, ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಕೊಡದಿದ್ದರೆ ನಿರುದ್ಯೋಗ ಭತ್ಯೆ, ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಆದರೆ ಆ 15 ದಿನ ಎಣಿಕೆಯಾಗುವುದು ನಮೂನೆ 6ರ ಅರ್ಜಿಗೆ ದಿನಾಂಕ ಹಾಕಿದ ರಸೀದಿ ಕೊಟ್ಟ ದಿನದಿಂದ. ರಸೀದಿ ಕೊಡದಿದ್ದರೆ ಅರ್ಜಿಯೇ ಇಲ್ಲ, ಭತ್ಯೆಯ ಪ್ರಶ್ನೆಯೂ ಇಲ್ಲ. ಈ ಸಣ್ಣ ಚೀಟಿಯಲ್ಲೇ ಇಡೀ ಹಕ್ಕು ಅಡಗಿತ್ತು. ಕೇಳಿ ಪಡೆದವರು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು ಮಂದಿ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ ದಿನಗಳನ್ನು 125ಕ್ಕೆ ಏರಿಸಿತು. 370ರ ಲೆಕ್ಕದಲ್ಲಿ ಪೂರ್ತಿ ಸಿಕ್ಕರೆ 37,000ದ ಜಾಗದಲ್ಲಿ 46,250. ಆದರೆ ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿದ್ದದ್ದು ಹೋಗಿ, ನಮ್ಮಂಥ ರಾಜ್ಯಗಳು ವೆಚ್ಚದ ಶೇಕಡಾ 40 ಹಾಕಬೇಕು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದ ತನಕ ಕೆಲಸ ನಿಲ್ಲಿಸಲು ಅದರಲ್ಲಿ ಅವಕಾಶವಿದೆ. ತೋಟದವರಿಗೆ ಇದು ಹಿತವೆನಿಸಬಹುದು. ಆದರೆ ಮಲೆನಾಡಿನ ಲೆಕ್ಕವೇ ಬೇರೆ. ಇಲ್ಲಿ ಒಲೆ ತಣ್ಣಗಾಗುವುದು ನಾಟಿ ಮುಗಿದ ಮೇಲಿನ ಪುಷ್ಯ, ಆಶ್ಲೇಷ ಮಳೆಗಳಲ್ಲಿ. ಆಗ ಮಣ್ಣಿನ ಕೆಲಸ ಮಾಡಲಾಗುವುದಿಲ್ಲ. ಮಾಡಿದರೂ ಹಾಜರಿಗೆ ದಿನಕ್ಕೆ ಎರಡು ಸಲ ಫೋಟೊ ಬೇಕು, ಅದನ್ನು ಕಳಿಸಲು ಕೂಲಿ ಗುಂಪಿನ ಮೇಲ್ವಿಚಾರಕರಾದ ನಮ್ಮ ಕಾಯಕ ಬಂಧು ಕೊಡೆ ಹಿಡಿದು ಗುಡ್ಡ ಹತ್ತಬೇಕು. ದಿನ ಹೆಚ್ಚಿಸಿದ್ದು ಒಳ್ಳೆಯದೇ. ಆ ದಿನಗಳು ಮಳೆಗಾಲದಲ್ಲಿ ಸಿಗುವಂತೆ ಸೂರಿನಡಿಯ ಕೆಲಸಗಳನ್ನು, ನರ್ಸರಿ ಚೀಲ ತುಂಬುವುದನ್ನೋ ಗೊಬ್ಬರದ ತೊಟ್ಟಿಯನ್ನೋ, ಪಟ್ಟಿಗೆ ಸೇರಿಸಿದರೆ ಮಾತ್ರ ನಮ್ಮ ಕಡೆಗೆ ಅದು ಸುಧಾರಣೆ.

ಭದ್ರಾವತಿಯ ಹಳೆಯ ಕಾರ್ಮಿಕ

ನೀವೆಲ್ಲ ಹಳ್ಳಿಯ ಮಾತಾಡುತ್ತಿದ್ದೀರಿ. ಕೆಲಸವಿದ್ದ ಊರು ಕೆಲಸ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಕೇಳಿ. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಬೀದಿಯಲ್ಲಿ ಕೂತದ್ದನ್ನು ಜಿಲ್ಲೆಯವರೆಲ್ಲ ನೋಡಿದ್ದೀರಿ.

ನಾನು ಬೇರೊಂದು ಸಣ್ಣ ಘಟಕದಲ್ಲಿ ಗುತ್ತಿಗೆಯಲ್ಲಿದ್ದೆ. ಕೆಲಸ ಹೋದಾಗ ನನಗೆ 46. ಕೌಶಲ ತರಬೇತಿಗೆ ಸೇರೋಣವೆಂದು ವಿಚಾರಿಸಿದರೆ ಗ್ರಾಮೀಣ ಯುವಕರ ಯೋಜನೆಗೆ 35ರ ಗೆರೆ. ಇಎಸ್‌ಐನಲ್ಲಿ ಕೆಲಸ ಕಳೆದುಕೊಂಡವರಿಗೆ 90 ದಿನದ ತನಕ ಸರಾಸರಿ ಕೂಲಿಯ ಅರ್ಧದಷ್ಟು ಕೊಡುವ ಒಂದು ಯೋಜನೆ 2018ರಿಂದ ಇದೆ ಎಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ. ನಮ್ಮ ಗುತ್ತಿಗೆದಾರ ಹೇಳಲಿಲ್ಲ, ನನಗೆ ಕೇಳಬೇಕೆಂದೂ ಗೊತ್ತಿರಲಿಲ್ಲ. ಈಗ ರಾತ್ರಿ ಒಂದು ಗೋದಾಮಿನ ಕಾವಲು. ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ಕೈಯಲ್ಲಿ ಟಾರ್ಚು. ಪಿಡಿಒ ಸಾಹೇಬರು ಹೇಳಿದ ನಮೂನೆ 6 ನಗರಸಭೆಯ ಗಡಿಯೊಳಗೆ ಇಲ್ಲವೇ ಇಲ್ಲ. ಆ ಖಾತ್ರಿ ಹಳ್ಳಿಗೆ ಮಾತ್ರ. ನಡುವಯಸ್ಸಿನ, ಪಟ್ಟಣದ, ಕಸುಬು ಗೊತ್ತಿರುವ ಬಡವ ಯಾವ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ.

ಸೊರಬದ ಪದವೀಧರ

ಅಣ್ಣ 46ರ ಕಷ್ಟ ಹೇಳಿದರು, ನಾನು 24ರದ್ದು ಹೇಳುತ್ತೇನೆ. ಯುವನಿಧಿ ಶುರುವಾದದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು, ಫ್ರೀಡಂ ಪಾರ್ಕಿನಲ್ಲಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ನನಗೂ ಬಂತು, ಅದರಲ್ಲೇ ಕೋಚಿಂಗಿನ ರೂಮಿನ ಬಾಡಿಗೆ ಕಟ್ಟಿದೆ, ಋಣವಿದೆ. ಆದರೆ ಎಂಟು ತಿಂಗಳಾದ ಮೇಲೆ ಒಂದು ಅಂಗಡಿಯಲ್ಲಿ 9,000ಕ್ಕೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಸೇರಿದರೆ 3,000 ನಿಲ್ಲುತ್ತದೆ. ಅಂದರೆ ದಿನಕ್ಕೆ ಹತ್ತು ಗಂಟೆ ದುಡಿದು ನಾನು ಹೆಚ್ಚಿಗೆ ಕಂಡದ್ದು 6,000, ಅದರಲ್ಲಿ ಊಟಕ್ಕೂ ಓಡಾಟಕ್ಕೂ 3,500. ಗೆಳೆಯರು "ಹೇಳಬೇಡ, ಎರಡೂ ತಗೋ" ಎಂದರು. ನಾನು ಹೇಳಿದೆ, ನಿಂತಿತು. ಸುಳ್ಳು ಹೇಳಿದವರು ನನಗಿಂತ ಚೆನ್ನಾಗಿದ್ದಾರೆ. ಮೇಷ್ಟ್ರು ಬರೆದ ತಾಯಿಯ ಮಾತು ಓದಿದಾಗ ನಗುವೂ ಬಂತು, ಸಿಟ್ಟೂ ಬಂತು.

ಬಸ್ಸಿನ ವಿಚಾರವನ್ನೂ ಸೇರಿಸುತ್ತೇನೆ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಕೆಂಪು ಬಸ್ಸು ಬಾರದ ಊರಿನ ಹೆಂಗಸರಿಗೆ ಏನು ಮಾಡಬೇಕು? ನನ್ನ ತಂಗಿ ಕಾಲೇಜಿಗೆ ಪ್ರತಿದಿನ ದುಡ್ಡು ಕೊಟ್ಟೇ ಹೋಗುತ್ತಾಳೆ.

ಸಾಗರದ ತೋಟದವರು

ಬಸ್ಸಿನ ಮಾತು ನಿಜ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಆ ಭಾಗದಲ್ಲಿ ಎಷ್ಟು ಊರುಗಳು ಒಂಟಿಯಾದವೆಂದು ನೆಂಟರ ಮನೆಗೆ ಹೋದಾಗ ನೋಡಿದ್ದೇನೆ.

ಅಕ್ಕನವರ 200 ರೂಪಾಯಿಯ ಮಾತು ಎರಡು ದಿನದಿಂದ ತಲೆಯಲ್ಲಿದೆ. ಪಂಪು ಹೊರುವುದು, ಮರ ಹತ್ತುವುದು ಬೇರೆ, ಅದಕ್ಕೆ ಹೆಚ್ಚು ಕೊಡುವುದು ಸರಿ. ಆದರೆ ಕಳೆ ತೆಗೆಯುವುದಕ್ಕೂ ಗೊಬ್ಬರ ಹಾಕುವುದಕ್ಕೂ ಏಕೆ ವ್ಯತ್ಯಾಸ ಎಂದು ಮನೆಯಲ್ಲೇ ಪ್ರಶ್ನೆ ಬಂತು, ನನ್ನ ಬಳಿ ಉತ್ತರವಿರಲಿಲ್ಲ. ಷರತ್ತು ಬೇಕೆಂದು ಬರೆದದ್ದನ್ನು ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ. ಮೈಯಲ್ಲಿ ಕಸುವಿದ್ದೂ ಚೌಡಿ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತವರನ್ನು ನಾನು ದಿನವೂ ನೋಡುತ್ತೇನೆ. ಆದರೆ ಅವರ ಹೆಸರಿನಲ್ಲಿ ಯಾವ ಸವಲತ್ತೂ ಬರುತ್ತಿಲ್ಲ, ಬರುತ್ತಿರುವುದು ಅವರ ತಾಯಂದಿರಿಗೆ ಎಂಬುದನ್ನೂ ಒಪ್ಪಬೇಕು.

ತೀರ್ಥಹಳ್ಳಿಯ ಮೇಷ್ಟ್ರು

ಸೊರಬದ ತಮ್ಮ ತನ್ನ ಲೆಕ್ಕವನ್ನು ಬಿಡಿಸಿ ಹೇಳಿದ್ದರಿಂದ ನನ್ನ ಕೆಲಸ ಹಗುರವಾಯಿತು. ಹೊರಗಿನವರು ಇದನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಎಂದು ಸ್ವಲ್ಪ ಓದಿದ್ದೇನೆ. ಅಮೆರಿಕದಲ್ಲಿ 1996ರ ಕಾನೂನು ಬಡ ಕುಟುಂಬಗಳ ನಗದು ನೆರವಿಗೆ ದುಡಿಮೆಯ ಷರತ್ತನ್ನೂ ಒಟ್ಟು 60 ತಿಂಗಳ ಮಿತಿಯನ್ನೂ ಹಾಕಿತು. ತೋಟದವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಆದರೆ ಅದೇ ದೇಶದಲ್ಲಿ 1975ರಿಂದಲೇ ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ತೆರಿಗೆಯ ಮೂಲಕ ಹಣ ಸೇರಿಸಿ ಕೊಡುವ ಪದ್ಧತಿಯೂ ಇದೆ. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ಹೇಳುವುದು ಕಡಿಮೆ. ಬ್ರಿಟನ್ನಿನಲ್ಲಿ ಗಳಿಕೆ ಒಂದು ಪೌಂಡು ಹೆಚ್ಚಿದರೆ ನೆರವಿನಲ್ಲಿ 55 ಪೆನ್ನಿ ಕಡಿತ; 2021ಕ್ಕೆ ಮೊದಲು ಅದು 63 ಇತ್ತು. ಉಳಿದದ್ದು ದುಡಿದವರ ಕೈಯಲ್ಲಿ. ಬ್ರೆಜಿಲ್‌ನಲ್ಲಿ 2003ರಲ್ಲಿ ಶುರುವಾದ ಬೋಲ್ಸಾ ಫಮಿಲಿಯಾ ಎಂಬ ಬಡ ಕುಟುಂಬಗಳ ನಗದು ನೆರವಿನ ಯೋಜನೆಯಲ್ಲಿ 2023ರಲ್ಲಿ ಹೊಸ ನಿಯಮ ಬಂತು: ಮನೆಯ ಆದಾಯ ಗೆರೆ ದಾಟಿದರೂ, ಒಂದು ಮಿತಿಯೊಳಗಿದ್ದರೆ, ಎರಡು ವರ್ಷದ ತನಕ ಅರ್ಧ ನೆರವು ಮುಂದುವರಿಯುತ್ತದೆ. ಆಮೇಲೆ ಹೊಸಬರಿಗೆ ಆ ಅವಧಿಯನ್ನು ತಗ್ಗಿಸಿದರು, ಆದರೆ ಉದ್ದೇಶ ಅದೇ.

ಮನೆಯ ಮಾಡಿನಿಂದ ಇಳಿಯಲು ಏಣಿ ಬೇಕೇ ಹೊರತು ಹಾರು ಎನ್ನಬಾರದು. ನಮ್ಮ ಬಿಪಿಎಲ್ ಕಾರ್ಡಿಗೂ ಯುವನಿಧಿಗೂ ಇಂಥ ಮೆಟ್ಟಿಲು ಏಕೆ ಬೇಡ?

ಹೊಸನಗರದಿಂದ, ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು

ಮೇಷ್ಟ್ರೇ, ಬ್ರಿಟನ್ನಿನ ಮೆಟ್ಟಿಲು ನಮ್ಮಲ್ಲಿ ನಿಲ್ಲುವುದಿಲ್ಲ. ರೂಪಾಯಿಗೆ ಇಷ್ಟು ಪೈಸೆ ಎಂದು ಕಡಿಯಬೇಕಾದರೆ ಆದಾಯ ತಿಂಗಳು ತಿಂಗಳು ಗೊತ್ತಾಗಬೇಕು. ಡಬ್ಬಕ್ಕೆ ಇಷ್ಟೆಂದು ಸುಲಿಯುವವರ ಆದಾಯವನ್ನು ಯಾರು ಬರೆಯುತ್ತಾರೆ? ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿರುವ ಸಂಖ್ಯೆಯನ್ನು ನಂಬಿದರೆ ನಮ್ಮ ಹೋಬಳಿಯಲ್ಲಿ ಅರ್ಧ ಜನ ಗಾಳಿ ಕುಡಿದು ಬದುಕುತ್ತಿದ್ದಾರೆ. ಕೊನೆಗೆ ಲೆಕ್ಕ ಸಿಗುವುದು ಪಿಎಫ್ ಇರುವ ಹುಡುಗಿಯದು ಮಾತ್ರ, ಕಡಿತವೂ ಅವಳೊಬ್ಬಳಿಗೆ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿ ವ್ಯವಹಾರದಲ್ಲಿ ಲಕ್ಷ ಎಣಿಸುವವರ ಕಾರ್ಡು ಹಾಗೆಯೇ ಇರುತ್ತದೆ.

ಬ್ರೆಜಿಲ್‌ನದು ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದರಲ್ಲಿ ಎಣಿಸುವುದು ದಿನಗಳನ್ನು. ಮನೆಯಲ್ಲಿ ಯಾರಿಗಾದರೂ ಪಿಎಫ್ ಕೆಲಸ ಸಿಕ್ಕಿದರೆ ಎರಡು ವರ್ಷ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ, ನಡುವೆ ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಹಾಗೆಯೇ ಮುಂದುವರಿಯಬೇಕು. ಇಷ್ಟು ಸಾಕು. ಆದಾಯ ಪ್ರಮಾಣಪತ್ರವೇ 5 ವರ್ಷ ಊರ್ಜಿತವಾಗಿರುತ್ತದೆ, ಕಾರ್ಡು ಮಾತ್ರ ಏಕೆ ತಿಂಗಳಲ್ಲಿ ರದ್ದಾಗಬೇಕು?

ಇನ್ನೊಂದು, ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಯಾವ ಕೆಲಸವೂ ಹೆಂಗಸರಿಗೆ ಕೆಲಸವಲ್ಲ. ಪಂಚಾಯಿತಿಗಳಲ್ಲಿ ಕೂಸಿನ ಮನೆ ಶುರುವಾದ ಮೇಲೆ ನಮ್ಮ ಸಂಘದ ಮೂವರು ಎಳೆಯ ತಾಯಂದಿರು ಕೆಲಸಕ್ಕೆ ಮರಳಿದರು. ಇಲ್ಲಿ ಮನೆಗಳು ಗುಡ್ಡಕ್ಕೊಂದು ಇರುವುದರಿಂದ ಒಂದು ಪಂಚಾಯಿತಿಗೆ ಒಂದು ಸಾಲದು.

ನಿವೃತ್ತ ಪಿಡಿಒ

ಅಕ್ಕನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕಚೇರಿಯಲ್ಲಿ ಕೂತು ನೋಡಿದವನಿಗೆ ಸರಳ ನಿಯಮದ ಬೆಲೆ ಗೊತ್ತು.

ಒಂದನ್ನು ಮಾತ್ರ ಸೇರಿಸುತ್ತೇನೆ. ಈ ಜಿಲ್ಲೆಯಲ್ಲಿ ಬಡ ಮನೆಗಳನ್ನು ಒಂದೇ ತಲೆಮಾರಿನಲ್ಲಿ ಮೇಲೆತ್ತಿದ್ದು ಯಾವುದೆಂದು ಕೇಳಿದರೆ ನಾನು ಭೂಸುಧಾರಣೆ ಎನ್ನುತ್ತೇನೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದರು, 1974ರ ಮಾರ್ಚಿನಲ್ಲಿ ಜಾರಿಗೆ ಬಂದ ಕಾಯ್ದೆ ಉಳುವವನಿಗೆ ಹೊಲ ಕೊಟ್ಟಿತು. ಅಂದಿನ ಗೇಣಿದಾರರ ಮೊಮ್ಮಕ್ಕಳು ಇಂದು ಎಂಜಿನಿಯರುಗಳು. ಆದರೆ ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟುಕೊಟ್ಟವರಲ್ಲಿ ಬಹಳ ಮನೆಗಳಿಗೆ ಅರವತ್ತು ವರ್ಷವಾದರೂ ಪಹಣಿಯಿಲ್ಲ. ಬಗರ್‌ಹುಕುಂ ಅರ್ಜಿಗಳು ಕಪಾಟಿನಲ್ಲಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಗೆ 75 ವರ್ಷದ ದಾಖಲೆ ಕೇಳುತ್ತದೆ. ಪಹಣಿ ಇಲ್ಲದವರಿಗೆ ಬೆಳೆಸಾಲವಿಲ್ಲ, ಬೆಳೆವಿಮೆಯಿಲ್ಲ, ಕೊಳೆ ಬಂದರೆ ಪರಿಹಾರವಿಲ್ಲ. ಉದ್ಯೋಗ ಖಾತ್ರಿಯಲ್ಲಿ ಸ್ವಂತ ಜಮೀನಿನ ಬದು, ಕೃಷಿಹೊಂಡಕ್ಕೂ ಕಡತ ನಿಲ್ಲುವುದು ಅಲ್ಲೇ. ಅವರಿಗೆ ಉಳಿಯುವುದು ಕೂಲಿ ಮತ್ತು ಕಾರ್ಡು. ಹಾಗಿರುವಾಗ ಕಾರ್ಡಿಗೆ ಜೀವ ಹಿಡಿದಂತೆ ಹಿಡಿಯುವುದರಲ್ಲಿ ಆಶ್ಚರ್ಯವೇನು?

ಭದ್ರಾವತಿಯ ಹಳೆಯ ಕಾರ್ಮಿಕ

ಮೇಷ್ಟ್ರೇ, ಆ ಹುಡುಗಿಯ ಕಥೆ ಏನಾಯಿತು? ಅರ್ಜಿ ಬರೆದುಕೊಟ್ಟಿರಾ?

ತೀರ್ಥಹಳ್ಳಿಯ ಮೇಷ್ಟ್ರು

ಬರೆಯಲಿಲ್ಲ. ಪಿಡಿಒ ಅವರು ಇಎಸ್‌ಐ ಬಗ್ಗೆ ಬರೆದದ್ದನ್ನು ಭಾನುವಾರ ಅವರ ಮನೆಗೆ ಹೋಗಿ ಓದಿ ಹೇಳಿದೆ. ತಾಯಿ ಎರಡು ಸಲ ಕೇಳಿದರು: "ಅವಳ ಚೀಟಿಯಲ್ಲಿ ನನ್ನ ಸೊಂಟನೋವಿಗೂ ತೋರಿಸಬಹುದಾ?" ಹೌದು ಎಂದೆ. ಮಗಳು ಒಳಗಿನಿಂದ ಫೋನು ತಂದು ತಂದೆತಾಯಿಯ ಹೆಸರು ಸೇರಿಸುವುದು ಎಲ್ಲಿ ಎಂದು ಕೇಳಿದಳು, ನಮೂನೆ ತುಂಬಿದೆವು. ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋದಳು. ಕಾರ್ಡಿನ ವಿಚಾರದಲ್ಲಿ ತಾಯಿಯ ಹೆದರಿಕೆ ಹಾಗೆಯೇ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಈ ತಿಂಗಳು ಬೆರಳೊತ್ತಿ ಅಕ್ಕಿ ಬಂದ ಮೇಲೆ ಫೋನು ಮಾಡುತ್ತೇನೆ ಎಂದಿದ್ದಾರೆ. ಮುಂದಿನ ಗ್ರಾಮಸಭೆಗೆ ಅಕ್ಕನವರ ಎರಡು ವರ್ಷದ ಬೇಡಿಕೆಯನ್ನು ಕಾಗದದ ಮೇಲೆ ಬರೆದು ಕೊಡುವುದೆಂದು ಮಾಡಿದ್ದೇವೆ. ಪಿಡಿಒ ಅವರೇ, ದಿನಾಂಕ ಹಾಕಿದ ರಸೀದಿಯನ್ನು ಮರೆಯದೆ ಕೇಳಿ ಪಡೆಯುತ್ತೇನೆ.